ಡ್ರಿಲ್, ಗ್ರೈಂಡರ್ ಕೊಳ್ಳುವುದಾ, ಬಾಡಿಗೆಗೆ ತರುವುದಾ? ಕರಾವಳಿ ಮತ್ತು ಘಟ್ಟದ ಮನೆಯವರಿಗೆ ಒಂದು ಲೆಕ್ಕ

ಮಳೆ ಬಿಟ್ಟು ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ನಮ್ಮ ಕಡೆ ಮನೆ ಕೆಲಸ ಶುರು. ಕಿಟಕಿಯ ಚೌಕಟ್ಟು ನೀರು ಕುಡಿದು ಉಬ್ಬಿದೆ, ಬಚ್ಚಲಿನ ಎರಡು ಟೈಲ್ಸ್ ಎದ್ದಿವೆ, ಗೇಟಿಗೆ ತುಕ್ಕು ಹಿಡಿದಿದೆ, ಅಂಗಳದ ತುಂಬ ಹಾವಸೆ. ಆಳು ಸಿಗುವುದೇ ಕಷ್ಟ, ಸಿಕ್ಕರೂ ಇಷ್ಟು ಸಣ್ಣ ಕೆಲಸಕ್ಕೆಂದು ಯಾರೂ ಬರುವುದಿಲ್ಲ. ಕೊನೆಗೆ ನಾವೇ ಮಾಡಿಕೊಳ್ಳೋಣ ಎಂದು ಹೊರಟರೆ ಎದುರಾಗುವ ಪ್ರಶ್ನೆ ಇದು: ಮಷಿನ್ ಕೊಂಡುಬಿಡಲಾ, ಬಾಡಿಗೆಗೆ ತರಲಾ?

ದೊಡ್ಡ ಊರಿನವರಿಗೆ ಇದು ಬರೀ ದುಡ್ಡಿನ ಲೆಕ್ಕ. ನಮಗೆ ಹಾಗಲ್ಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಇಲ್ಲಿ ಮಷಿನ್ ಕೆಲಸ ಮಾಡಿ ಸವೆಯುವುದಕ್ಕಿಂತ ಸುಮ್ನೆ ಕೂತು ಹಾಳಾಗುವುದೇ ಜಾಸ್ತಿ. ಹಾಗಾಗಿ ವರ್ಷವಿಡೀ ಆಗಾಗ ಕೈಗೆ ಬರುವ ಮಷಿನ್ ಮಾತ್ರ ಕೊಳ್ಳಬೇಕು, ವರ್ಷಕ್ಕೊಂದು ಸಲ ಬೇಕಾಗುವುದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಾಡಿಗೆಗೇ ತರಬೇಕು ಎನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಲೆಕ್ಕ ಹಾಕುವ ಮೊದಲು

ಮಷಿನ್ ಬೆಲೆಯನ್ನು ಒಂದು ದಿನದ ಬಾಡಿಗೆಯಿಂದ ಭಾಗಿಸಿ ನೋಡಿ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಲೆಕ್ಕ. ತರಲು ಒಂದು ಸಲ, ವಾಪಸ್ ಕೊಡಲು ಇನ್ನೊಂದು ಸಲ ಪೇಟೆಗೆ ಹೋಗಬೇಕಲ್ವಾ? ಕಾರವಾರ ಪೇಟೆಯಲ್ಲೇ ಮನೆಯಿದ್ದರೆ ಅದು ಖರ್ಚೇ ಅಲ್ಲ. ಶಿರಸಿಯಿಂದ ಇಪ್ಪತ್ತೈದು ಕಿಲೋಮೀಟರ್ ಒಳಗೆ, ದಿನಕ್ಕೆ ಎರಡೇ ಬಸ್ಸು ಬರುವ ಹಳ್ಳಿಯಲ್ಲಿದ್ದರೆ ಬಾಡಿಗೆಗಿಂತ ಅದೇ ಭಾರ. ಡ್ರಿಲ್ ಬೆಲೆ 3,200 ರೂಪಾಯಿ, ದಿನದ ಬಾಡಿಗೆ 250 ಎಂದಿಟ್ಟುಕೊಳ್ಳಿ. ಬರೀ ಬಾಡಿಗೆ ಹಿಡಿದರೆ 13 ದಿನದ ದುಡ್ಡಿಗೆ ಡ್ರಿಲ್ಲೇ ಬರುತ್ತದೆ. ಓಡಾಟಕ್ಕೆ 150 ಸೇರಿಸಿ, 8 ದಿನಕ್ಕೇ ಸಮ. ನಿಮ್ಮ ಪೇಟೆಯ ದರ ಬೇರೆ ಇರುತ್ತದೆ, ಆದರೆ ಲೆಕ್ಕ ಹಾಕುವ ದಾರಿ ಇದೇ.

ಇದಕ್ಕಿಂತ ಮುಖ್ಯವಾದದ್ದು ಕೆಲಸ ಹೇಗೆ ಬರುತ್ತದೆ ಎನ್ನುವುದು. ಇವತ್ತು ಒಂದು ಪರದೆ ರಾಡು, ಮುಂದಿನ ತಿಂಗಳು ಕನ್ನಡಿ, ಆಮೇಲೆ ಬಟ್ಟೆ ಒಣಗಿಸುವ ಹಗ್ಗಕ್ಕೆ ಎರಡು ಕೊಕ್ಕೆ, ಹೀಗೆ ಇಪ್ಪತ್ತು ನಿಮಿಷದ ಕೆಲಸ ವರ್ಷವಿಡೀ ಚದುರಿ ಬಂದರೆ ಬಾಡಿಗೆ ಯಾವತ್ತೂ ಹೊಂದುವುದಿಲ್ಲ. ಎರಡು ದಿನ ಒಟ್ಟಿಗೆ ಕೂತು ಮುಗಿಸುವಂಥದ್ದಾದರೆ ಬಾಡಿಗೆಯೇ ಸರಿ.

ಕರೆಂಟಿನ ವಿಷಯ ಬಾಡಿಗೆಗೆ ತರುವವರು ಮರೆತೇಬಿಡುತ್ತಾರೆ. ನೀವು ಮಷಿನ್ ತಂದ ದಿನವೇ ಹೆಸ್ಕಾಂನವರು ಲೈನ್ ದುರಸ್ತಿಗೆಂದು ಕರೆಂಟ್ ತೆಗೆದರೆ ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ಮಳೆಗಾಲದಲ್ಲಂತೂ ಒಂದು ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೂ ಸಾಕು. ಸ್ವಂತದ್ದಾದರೆ ನಾಳೆ ಮಾಡಿದರಾಯಿತು. ಇನ್ನೊಂದು, ಸಾಧಾರಣ 6 ಆಂಪಿಯರ್ ಪ್ಲಗ್ ಪಾಯಿಂಟ್ 230 ವೋಲ್ಟ್ ಲೆಕ್ಕದಲ್ಲಿ ಸುಮಾರು 1,380 ವಾಟ್‌ವರೆಗೆ ಮಾತ್ರ ತಡೆಯುತ್ತದೆ. 600 ವಾಟ್‌ನ ಡ್ರಿಲ್ಲಿಗೂ 850 ವಾಟ್‌ನ ಗ್ರೈಂಡರಿಗೂ (ಅಡುಗೆಮನೆಯದ್ದಲ್ಲ, ಕಬ್ಬಿಣ, ಟೈಲ್ಸ್ ಕತ್ತರಿಸುವ, ತಿಕ್ಕುವ ಮಷಿನ್) ತೊಂದರೆಯಿಲ್ಲ. ನೆಲ ಒಡೆಯುವ ದೊಡ್ಡ ಬ್ರೇಕರ್‌ಗೆ 16 ಆಂಪಿಯರ್‌ನ ದಪ್ಪ ಪಾಯಿಂಟೇ ಬೇಕು, ಹಳೆಯ ಮನೆಗಳಲ್ಲಿ ಅದು ಪಂಪಿನ ಹತ್ತಿರವೋ ಗೀಸರ್ ಹತ್ತಿರವೋ ಮಾತ್ರ ಇರುತ್ತದೆ. ಬಾಡಿಗೆ ಮಾತಾಡುವ ಮೊದಲೇ ಇದನ್ನು ನೋಡಿಕೊಳ್ಳಿ.

ಆಮೇಲೆ ಇಡುವ ಜಾಗ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದಲ್ಲಿ ಸಮುದ್ರದ ಹತ್ತಿರ ಇದ್ದವರಿಗೆ ಉಪ್ಪು ಗಾಳಿ ಗೊತ್ತೇ ಇದೆ. ಹೊಸ ಬೀಗ ಕೂಡ ಒಂದೇ ವರ್ಷದಲ್ಲಿ ಕೆಂಪಾಗುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಉಪ್ಪಿಲ್ಲ, ಆದರೆ ತೇವ ಬಿಡುವುದಿಲ್ಲ. ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುವ ಮನೆಯಲ್ಲಿ ಮೋಟಾರಿನ ಒಳಗೂ ಅದೇ ತೇವ ಕೂರುತ್ತದೆ.

ಕೆಟ್ಟರೆ ಎಲ್ಲಿಗೆ ಒಯ್ಯುವುದು ಎನ್ನುವುದನ್ನೂ ಕೊಳ್ಳುವ ಮೊದಲೇ ಕೇಳಿ. ಆ ಕಂಪನಿಯ ರಿಪೇರಿಯವರು ನಿಮ್ಮ ಪೇಟೆಯಲ್ಲೇ ಇದ್ದಾರಾ, ಹುಬ್ಬಳ್ಳಿಗೆ ಕಳಿಸಬೇಕಾ? ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್, ಕಾರವಾರದಿಂದ ಇನ್ನೂ ದೂರ. ಎರಡು ಸಾವಿರದ ಮಷಿನ್‌ಗಾಗಿ ಅಷ್ಟು ದೂರ ಯಾರೂ ಹೋಗುವುದಿಲ್ಲ, ಅದು ಮೂಲೆ ಸೇರುತ್ತದೆ.

ಡ್ರಿಲ್

ಒಂದೇ ಒಂದು ಮಷಿನ್ ಕೊಳ್ಳುವುದಾದರೆ ಇದನ್ನೇ ಕೊಳ್ಳಿ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ವೈರ್ ಇರುವ, 500ರಿಂದ 700 ವಾಟ್‌ನ ಇಂಪ್ಯಾಕ್ಟ್ ಡ್ರಿಲ್, ಅಂದರೆ ಹ್ಯಾಮರ್ ಗುಂಡಿ ತಿರುಗಿಸಿದರೆ ಕೊರೆಯುತ್ತಲೇ ಗುದ್ದುವಂಥದ್ದು. ಹೆಸರಿರುವ ಕಂಪನಿಯದ್ದು ಸುಮಾರು ಎರಡೂವರೆಯಿಂದ ನಾಲ್ಕೂವರೆ ಸಾವಿರದೊಳಗೆ ಬರುತ್ತದೆ. ಉಲ್ಟಾ ತಿರುಗುವ ಗುಂಡಿ ಇರಲಿ, ಗುಂಡಿ ಎಷ್ಟು ಒತ್ತಿದರೆ ಅಷ್ಟು ವೇಗ ಬರುವಂಥದ್ದಿರಲಿ. ನೂರು ಸಾಮಾನಿನ ಪೆಟ್ಟಿಗೆ ಸಮೇತ ಕೊಡುತ್ತೇವೆ ಎಂದರೆ ಬೇಡ ಅನ್ನಿ. ಅದರಲ್ಲಿನ ಬಿಟ್‌ಗಳು, ಅಂದರೆ ತೂತು ಕೊರೆಯುವ ಮೊನೆಗಳು, ನಾಲ್ಕು ತೂತಿಗೆ ಬೋಳಾಗುತ್ತವೆ. ಅದೇ ದುಡ್ಡಿಗೆ 6 ಮತ್ತು 8 ಎಂಎಂನ ಒಳ್ಳೆಯ ಗೋಡೆ ಬಿಟ್ ಎರಡೆರಡು, ಕಬ್ಬಿಣಕ್ಕೆ, ಮರಕ್ಕೆ ಎರಡು ಮೂರು ಬಿಟ್ ತಗೊಳ್ಳಿ.

ಇಷ್ಟು ಸಣ್ಣ ಡ್ರಿಲ್ ಸಾಕಾ ಎಂದು ಕೇಳುವವರಿಗೆ ನಿಮ್ಮ ಗೋಡೆ ಯಾವುದು ಎನ್ನುವುದೇ ಉತ್ತರ. ನಮ್ಮಲ್ಲಿ ಹೆಚ್ಚಿನ ಮನೆಗಳು ಚಿರೆಕಲ್ಲಿನವು. ಚಿರೆಕಲ್ಲು ಮೆತ್ತಗಿನ ಕಲ್ಲು, ಒಳಗೆಲ್ಲ ಸಣ್ಣ ಸಣ್ಣ ತೂತು. ಗಾರೆಯ ಪದರ ದಾಟಿದ ಮೇಲೆ ಬಿಟ್ ತಾನಾಗಿಯೇ ಒಳಗೆ ಹೋಗುತ್ತದೆ, ಬಿಳಿ ಪುಡಿ ನಿಂತು ಕೆಂಪು ಪುಡಿ ಉದುರಲು ಶುರುವಾಗುತ್ತದೆ. ಅಲ್ಲಿಂದ ಹ್ಯಾಮರ್ ಗುಂಡಿಯನ್ನು ಸಾದಾ ಡ್ರಿಲ್ಲಿಗೆ ತಿರುಗಿಸಿ. ಹ್ಯಾಮರ್‌ನಲ್ಲೇ ಕೊರೆದರೆ ತೂತಿನ ಬಾಯಿ ಅಗಲವಾಗಿ, ಹಾಕಿದ ರಾವಲ್ ಪ್ಲಗ್ (ಸ್ಕ್ರೂ ಹಿಡಿಯಲು ತೂತಿಗೆ ತುರುಕುವ ಪ್ಲಾಸ್ಟಿಕ್ ಕೊಳವೆ) ಸ್ಕ್ರೂ ಜೊತೆಗೇ ತಿರುಗುತ್ತದೆ, ಆಮೇಲೆ ಏನು ಮಾಡಿದರೂ ಬಿಗಿಯಾಗುವುದಿಲ್ಲ. ಚಿರೆಕಲ್ಲಿಗೆ ಉದ್ದದ ರಾವಲ್ ಪ್ಲಗ್ಗೇ ಬೇಕು. ಅಂದರೆ ಇಲ್ಲಿ ಶಕ್ತಿ ಜಾಸ್ತಿ ಇರುವ ಮಷಿನ್ ಕೊಂಡು ಪ್ರಯೋಜನವಿಲ್ಲ, ಕೆಲವು ಸಲ ತೊಂದರೆಯೇ.

ಗಟ್ಟಿಯಾಗಿ ತಡೆಯುವುದು ಕಾಂಕ್ರೀಟ್. ಕಿಟಕಿಯ ಮೇಲಿನ ಲಿಂಟಲ್, ಕಂಬ, ಬೀಮು, ಸ್ಲ್ಯಾಬು. ಪರದೆ ರಾಡು ಹಾಕುವುದು ಸರಿಯಾಗಿ ಲಿಂಟಲ್ ಇರುವ ಜಾಗಕ್ಕೇ ಅಲ್ವಾ? ಒಂದೆರಡು ತೂತಿಗೆ ಇಂಪ್ಯಾಕ್ಟ್ ಡ್ರಿಲ್ ಹೇಗೋ ಆಗುತ್ತದೆ, ತಡೆದು ತಡೆದು, ಮಧ್ಯೆ ಮಷಿನ್ ತಣ್ಣಗಾಗಲು ಬಿಟ್ಟು ಕೊರೆಯಬೇಕು. ಹತ್ತಾರು ತೂತು ಇದ್ದರೆ ಎಸ್‌ಡಿಎಸ್ ಎನ್ನುವ ಬೇರೆ ಬಗೆಯ ಬಿಟ್ ಹಾಕುವ ರೋಟರಿ ಹ್ಯಾಮರ್ ಬೇಕು. ಅದು ಬೇರೆಯೇ ಮಷಿನ್. ಒಳಗೆ ಪಿಸ್ಟನ್ ಇದ್ದು ಗಾಳಿಯ ಒತ್ತಡದಿಂದ ಹೊಡೆಯುತ್ತದೆ, ನಿಮ್ಮ ಕೈ ಒತ್ತಬೇಕಾಗಿಲ್ಲ. ಬೆಲೆ ಸುಮಾರು ಆರರಿಂದ ಹನ್ನೆರಡು ಸಾವಿರ. ಇದನ್ನು ಬಾಡಿಗೆಗೇ ತನ್ನಿ. ತರುವ ಹಿಂದಿನ ದಿನವೇ ಮನೆಯೆಲ್ಲ ಸುತ್ತಿ, ಎಲ್ಲೆಲ್ಲಿ ತೂತು ಬೇಕೋ ಅಲ್ಲೆಲ್ಲ ಪೆನ್ಸಿಲ್‌ನಲ್ಲಿ ಗುರುತು ಹಾಕಿಟ್ಟುಕೊಂಡರೆ ಅರ್ಧ ದಿನದಲ್ಲಿ ಎಲ್ಲ ಮುಗಿಯುತ್ತದೆ.

ಗ್ರೈಂಡರ್, ಟೈಲ್ಸ್ ಕಟರ್

ಇಲ್ಲಿ ಕರಾವಳಿಗೂ ಘಟ್ಟಕ್ಕೂ ನನ್ನ ಉತ್ತರ ಬೇರೆ. ಸಮುದ್ರದ ಹತ್ತಿರದ ಮನೆಗೆ ಕಬ್ಬಿಣದ ಗೇಟು, ಕಿಟಕಿ ಸರಳು, ಶೀಟಿನ ಮಾಡಿನ ಪೈಪು ಇದ್ದರೆ ತುಕ್ಕು ತೆಗೆದು ಬಣ್ಣ ಹಚ್ಚುವ ಕೆಲಸ ಪ್ರತಿ ವರ್ಷ ಇದ್ದದ್ದೇ. ಅಂಥವರು 100 ಎಂಎಂನ ಗ್ರೈಂಡರ್, ಅಂದರೆ ನಾಲ್ಕು ಇಂಚಿನದ್ದು, ಕೊಳ್ಳಬಹುದು. ತಂತಿ ಬ್ರಷ್ ಹಾಕಿದರೆ ಗೇಟು ತಿಕ್ಕಲು, ಡೈಮಂಡ್ ಬ್ಲೇಡ್ ಹಾಕಿದರೆ ಒಂದೆರಡು ಟೈಲ್ಸ್ ಕತ್ತರಿಸಲು ಅದೇ ಸಾಕು. ಸುಮಾರು ಎರಡರಿಂದ ಮೂರೂವರೆ ಸಾವಿರ. ಘಟ್ಟದ ಮೇಲೆ ಮರದ ಬಾಗಿಲು, ಮರದ ಕಿಟಕಿಯ ಮನೆಯವರಿಗೆ ಇದು ಅಷ್ಟು ಬೇಕಾಗುವುದಿಲ್ಲ.

ಆದರೆ ಇದು ಡ್ರಿಲ್ಲಿನ ಹಾಗೆ ಪಾಪದ ಮಷಿನ್ ಅಲ್ಲ. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಮರ ಕತ್ತರಿಸಲು ಹಲ್ಲಿನ ಬ್ಲೇಡ್ ಹಾಕುವುದನ್ನು ನಮ್ಮ ಕಡೆ ತುಂಬ ಜನ ಮಾಡುತ್ತಾರೆ, ದಯವಿಟ್ಟು ಮಾಡಬೇಡಿ. ಹಲ್ಲು ಮರಕ್ಕೆ ಸಿಕ್ಕಿಕೊಂಡ ಕ್ಷಣ ಮಷಿನ್ ಕೈಯಿಂದ ಹಾರುತ್ತದೆ. ಮೇಲಿನ ತಗಡಿನ ಗಾರ್ಡ್ ಬಿಚ್ಚಿ ಓಡಿಸುವುದೂ ಬೇಡ. ಕಟಿಂಗ್ ಡಿಸ್ಕ್‌ನ ನಡುವೆ ಇರುವ ಲೋಹದ ಉಂಗುರದ ಮೇಲೆ ಒಂದು ತಿಂಗಳು, ವರ್ಷ ಮುದ್ರಿಸಿರುತ್ತಾರೆ. ಅದು ಡಿಸ್ಕ್ ಬಳಸಬಹುದಾದ ಕೊನೆಯ ದಿನ. ಅದರೊಳಗಿನ ಅಂಟು ತೇವ ಕುಡಿದರೆ ಬಲ ಕಳೆದುಕೊಳ್ಳುತ್ತದೆ, ತಿರುಗುವಾಗ ಒಡೆದು ಚೂರು ಸಿಡಿಯಬಹುದು. ನಾಲ್ಕು ತಿಂಗಳ ಮಳೆ ಕಂಡ ಡಿಸ್ಕ್ ನಮ್ಮ ಊರಲ್ಲಿ ಪ್ರತಿ ಮನೆಯಲ್ಲೂ ಇದೆ. ಬಾಡಿಗೆಯ ಗ್ರೈಂಡರ್ ತಂದರೂ ಡಿಸ್ಕ್ ಮಾತ್ರ ಹೊಸದು ನೀವೇ ತಗೊಳ್ಳಿ.

ಟೈಲ್ಸ್ ಕಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ಟೈಲ್ಸ್‌ಗೆ ಗ್ರೈಂಡರ್ ಸಾಕು, ಇಡೀ ಬಚ್ಚಲು ಮಾಡಿಸುವುದಾದರೆ ಟೈಲ್ಸ್ ಹಾಕುವವರು ತಮ್ಮ ಮಷಿನ್ ಸಮೇತ ಬರುತ್ತಾರೆ. ನಡುವೆ ಕೊಳ್ಳುವಂಥ ಕಾರಣ ಕಾಣುವುದಿಲ್ಲ.

ಒಂದು ದಿನದ ಮಷಿನ್‌ಗಳು

ಬ್ರೇಕರ್, ಕಾಂಕ್ರೀಟ್ ವೈಬ್ರೇಟರ್ ಇವೆಲ್ಲ ಬಾಡಿಗೆಯೇ, ಯೋಚನೆಯೇ ಬೇಡ. ಸೆಂಟ್ರಿಂಗ್ ಸಾಮಾನು ಬಾಡಿಗೆ ಕೊಡುವವರಲ್ಲಿ ಮೊದಲು ಕೇಳಿ.

ಜೋರಾಗಿ ನೀರು ಚಿಮ್ಮಿಸಿ ತೊಳೆಯುವ ಪ್ರೆಷರ್ ವಾಷರ್ ಮಾತ್ರ ಸ್ವಲ್ಪ ಯೋಚಿಸುವಂಥದ್ದು. ಹಾವಸೆ ಹಿಡಿದ ಅಂಗಳದಲ್ಲಿ ವಯಸ್ಸಾದವರು ಜಾರಿ ಬೀಳುವುದು ನಮ್ಮಲ್ಲಿ ಪ್ರತಿ ವರ್ಷದ ಕಥೆ, ಹಾಗಾಗಿ ಇದನ್ನು ಐಷಾರಾಮಿ ಎಂದು ಪಕ್ಕಕ್ಕಿಡಲು ನನಗೆ ಮನಸ್ಸಿಲ್ಲ. ಆದರೆ ಬೇಕಾಗುವುದು ಮಳೆ ನಿಂತ ಮೇಲೆ ಒಂದು ಸಲ, ಹೆಚ್ಚೆಂದರೆ ಚೌತಿಯ ಮೊದಲು ಇನ್ನೊಂದು ಸಲ. ಬೆಲೆ ಸುಮಾರು ಆರರಿಂದ ಹತ್ತು ಸಾವಿರ. ಬಳಸಿದ ಮೇಲೆ ಪಂಪಿನೊಳಗೆ ಉಳಿದ ನೀರು ಹೊರಹಾಕದೆ ಇಟ್ಟರೆ ಮುಂದಿನ ವರ್ಷ ಅದು ಏಳುವುದೇ ಇಲ್ಲ. ಇದಕ್ಕೆ ನಾಲ್ಕು ಮನೆಯವರು ಸೇರಿ ಕೊಳ್ಳುವುದೇ ಸರಿಯಾದ ದಾರಿ. ತೋಟದ ಕೆಲಸಕ್ಕೆ ಮುರಿಯಾಳು (ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಸರದಿಯಲ್ಲಿ ಹೋಗುವುದು) ನಡೆಸಿ ಗೊತ್ತಿದ್ದ ಊರುಗಳಿಗೆ ಇದು ಹೊಸದೇನಲ್ಲ. ಯಾರ ಮನೆಯಲ್ಲಿ ಇಡುವುದು, ಕೆಟ್ಟರೆ ಖರ್ಚು ಯಾರದು ಎನ್ನುವ ಎರಡು ಮಾತನ್ನು ಮಾತ್ರ ಕೊಳ್ಳುವ ದಿನವೇ ಆಡಿ ಮುಗಿಸಿ. ಇನ್ನೊಂದು ಎಚ್ಚರಿಕೆ: ಗಾರೆ ಮಾಡದ ಚಿರೆಕಲ್ಲಿನ ಪಾಗಾರಕ್ಕೆ ಹತ್ತಿರದಿಂದ ನೀರು ಹೊಡೆದರೆ ಹಾವಸೆಯ ಜೊತೆ ಕಲ್ಲೂ, ಸಂದಿನ ಸಿಮೆಂಟೂ ಉದುರುತ್ತದೆ. ದೂರ ನಿಂತು, ನೀರು ಅಗಲವಾಗಿ ಬೀಳುವ ಮೂತಿ ಹಾಕಿ.

ಮರದ ಕೆಲಸದ ಮಷಿನ್‌ಗಳಲ್ಲಿ ಜನ ಹೆಚ್ಚು ಕೇಳುವುದು ಪ್ಲೇನರ್. ಜುಲೈಯಲ್ಲಿ ಬಾಗಿಲು ಉಬ್ಬಿ ಹಾಕಿಕೊಳ್ಳದೆ ಹೋದಾಗ ಕೇಳುತ್ತಾರೆ. ಆಗ ಮಷಿನ್ ಹಾಕಿ ಹೆರೆದರೆ ಮಾರ್ಚ್‌ನಲ್ಲಿ ಮರ ಒಣಗಿದಾಗ ಬೆರಳು ತೂರುವಷ್ಟು ಸಂದು. ಉಜ್ಜುವ ಜಾಗವನ್ನಷ್ಟೇ ಕೈ ರಂದದಿಂದ ತೆಗೆಯಿರಿ ಅಥವಾ ಆಚಾರಿಯನ್ನು ಕರೆಯಿರಿ. ಮರ ಒಣಗಿದ ಮೇಲೆ ಬಾಗಿಲಿನ ಮೇಲಂಚು, ಕೆಳಂಚಿಗೂ ಬಣ್ಣ ಹಚ್ಚಿದರೆ ಮುಂದಿನ ಮಳೆಗೆ ಅಷ್ಟು ಉಬ್ಬುವುದಿಲ್ಲ.

ಬ್ಯಾಟರಿಯದ್ದು ತಗೊಳ್ಳಲಾ?

ಕರೆಂಟ್ ಹೋಗುವ ನಮ್ಮ ಊರಿಗೆ ಬ್ಯಾಟರಿ ಡ್ರಿಲ್ ಹೇಳಿ ಮಾಡಿಸಿದಂತಿದೆ ಅನ್ನಿಸುತ್ತದೆ. ಏಣಿ ಹತ್ತಿ ಮಾಡಿನ ಕೆಲಸ ಮಾಡುವಾಗ ವೈರ್ ಕಾಲಿಗೆ ತೊಡರುವುದಿಲ್ಲ ಎನ್ನುವುದೂ ನಿಜ. ಆದರೆ ಲಿಥಿಯಂ ಬ್ಯಾಟರಿ ಬಳಸದೆ ಇಟ್ಟರೂ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ, ಪೂರ್ತಿ ಖಾಲಿ ಮಾಡಿ ತಿಂಗಳುಗಟ್ಟಲೆ ಬಿಟ್ಟರೆ ಇನ್ನೂ ಬೇಗ. ಹೊಸ ಬ್ಯಾಟರಿಗೆ ಡ್ರಿಲ್ಲಿನ ಬೆಲೆಯ ದೊಡ್ಡ ಪಾಲು ಹೋಗುತ್ತದೆ. ತಿಂಗಳಿಗೆ ಎರಡು ಮೂರು ಸಲ ಬಳಸುವವರು ಧಾರಾಳವಾಗಿ ತಗೊಳ್ಳಿ, ಮುಂದೆ ಬೇರೆ ಮಷಿನ್ ಕೊಂಡರೂ ಅದೇ ಬ್ಯಾಟರಿ ಹೊಂದುವ ಕಂಪನಿಯದ್ದನ್ನೇ ತಗೊಳ್ಳಿ. ವರ್ಷಕ್ಕೆ ನಾಲ್ಕು ಸಲ ಮುಟ್ಟುವವರಿಗೆ ವೈರಿನದ್ದೇ ವಾಸಿ.

ಯಾರಿಗೆ ಯಾವುದು

ಕೈಗಾ, ನೌಕಾನೆಲೆ, ಬ್ಯಾಂಕು ಎಂದು ವರ್ಗಾವಣೆಯ ಕೆಲಸದಲ್ಲಿದ್ದು ಕಾರವಾರದಲ್ಲಿ ಬಾಡಿಗೆ ಮನೆ ಹಿಡಿದವರಿಗೆ ಒಂದು ಡ್ರಿಲ್ ಸಾಕು. ಊರು ಬದಲಾದಾಗಲೆಲ್ಲ ಪರದೆ, ಕನ್ನಡಿ, ಶೆಲ್ಫು ಎಂದು ಅದು ಬೇಕೇ ಬೇಕಾಗುತ್ತದೆ, ಪೆಟ್ಟಿಗೆಯಲ್ಲಿ ಜೊತೆಗೂ ಬರುತ್ತದೆ. ಹೊಸ ಫ್ಲ್ಯಾಟ್ ಆದರೆ ಕಂಬ, ಬೀಮು ಜಾಸ್ತಿ, ಮೊದಲ ವಾರ ಒಂದು ದಿನ ರೋಟರಿ ಹ್ಯಾಮರ್ ಬಾಡಿಗೆಗೆ ತಂದು ಎಲ್ಲ ತೂತು ಒಟ್ಟಿಗೆ ಕೊರೆದುಬಿಡಿ.

ಘಟ್ಟದ ಮೇಲೆ, ಪೇಟೆಯಿಂದ ದೂರ, ಮರ ಮತ್ತು ಮಣ್ಣಿನ ಗೋಡೆಯ ಹಳೇ ಮನೆಯಲ್ಲಿ ಇರುವವರು ಡ್ರಿಲ್ ಕೊಳ್ಳಲೇಬೇಕು. ಮರಕ್ಕೆ ದಿನಾ ಏನಾದರೊಂದು ಕೆಲಸ ಇರುತ್ತದೆ, ಓಡಾಟದ ಖರ್ಚಿನಲ್ಲಿ ಬಾಡಿಗೆ ಹೊಂದುವುದೇ ಇಲ್ಲ. ಉಳಿದದ್ದು ನೆರೆಯವರ ಜೊತೆ.

ಬೆಂಗಳೂರಿನಲ್ಲೋ ಪುಣೆಯಲ್ಲೋ ಇದ್ದು ಚೌತಿಗೆ, ಬೇಸಿಗೆ ರಜೆಗೆ ಬಂದು ಹೋಗುವವರು ಇಲ್ಲಿ ಏನೂ ಕೊಂಡಿಡಬೇಡಿ. ಬೀಗ ಹಾಕಿದ ಮನೆಯಲ್ಲಿ ಇಲಿ ವೈರ್ ಕಡಿಯುತ್ತದೆ, ಮೋಟಾರಿನ ಗಾಳಿ ಕಂಡಿಯೊಳಗೆ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟುತ್ತದೆ, ಗೊತ್ತಾಗದೆ ಸ್ವಿಚ್ ಹಾಕಿದರೆ ಮೋಟಾರ್ ಸುಟ್ಟ ವಾಸನೆಯೇ ಮೊದಲು ಬರುತ್ತದೆ. ಬಾಡಿಗೆ ನಿಮಗೆ ಸರಿ, ಆದರೆ ಫೋನ್ ಮಾಡಿ ಮೊದಲೇ ಹೇಳಿಡಿ. ಚೌತಿಯ ಹಿಂದಿನ ವಾರ, ದೀಪಾವಳಿಯ ಮೊದಲು, ಮಳೆ ಬೀಳುವ ಮೊದಲಿನ ಮೇ ತಿಂಗಳು, ಎಲ್ಲರಿಗೂ ಅದೇ ಹೊತ್ತಿಗೆ ಮಷಿನ್ ಬೇಕು.

ಒಬ್ಬರೇ ಇರುವವರು, ವಯಸ್ಸಾದವರು, ಏಣಿ ಹತ್ತಲು ಧೈರ್ಯ ಇಲ್ಲದವರು ಈ ಎರಡೂ ಬಿಟ್ಟು ಮೇಸ್ತ್ರಿಯನ್ನೇ ಕರೆಯುವುದು ಒಳ್ಳೆಯದು. ಕೆಲಸಗಳನ್ನು ಚೀಟಿಯಲ್ಲಿ ಬರೆದಿಟ್ಟು ಒಟ್ಟಿಗೆ ಅರ್ಧ ದಿನದ ಕೆಲಸವಾದ ಮೇಲೆ ಕರೆದರೆ ಅವರೂ ಬರುತ್ತಾರೆ.

ದುಡ್ಡಿನ ಲೆಕ್ಕದಲ್ಲಿ ಹೇಳುವುದಾದರೆ, ಮೂರೂವರೆ ಸಾವಿರ ಇದ್ದರೆ ಡ್ರಿಲ್ ಮತ್ತು ಒಳ್ಳೆಯ ಬಿಟ್. ಏಳು ಸಾವಿರ ಇದ್ದರೆ ಡ್ರಿಲ್, ಗ್ರೈಂಡರ್, ಕಣ್ಣಿನ ಕನ್ನಡಕ, ಮಾಸ್ಕು ಮತ್ತು ದಪ್ಪ ತಾಮ್ರದ ಎಕ್ಸ್‌ಟೆನ್ಷನ್ ಬಾಕ್ಸ್. ತೆಳ್ಳಗಿನ ವೈರ್ ಬಾಕ್ಸ್ ಬೇಡ. ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜ್ ಮೊದಲೇ ಕಡಿಮೆ, ಅದರ ಮೇಲೆ ತೆಳು ವೈರ್ ಎಂದರೆ ಮೋಟಾರ್ ಕಾದುಹೋಗುತ್ತದೆ. ಅದಕ್ಕಿಂತ ಜಾಸ್ತಿ ದುಡ್ಡಿದ್ದರೂ ಮೂರನೇ ಮಷಿನ್ ಕೊಳ್ಳುವ ಬದಲು ಮನೆಗೆ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ತಾನಾಗಿಯೇ ಲೈನ್ ಕಡಿಯುವ ಸ್ವಿಚ್, ಹಾಕಿಸಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಮಷಿನ್ ಹಿಡಿಯುವ ನಮ್ಮ ಊರಿಗೆ ಅದು ಎಲ್ಲಕ್ಕಿಂತ ಮೊದಲು ಬೇಕು.

ಕೊಂಡವರು, ತಂದವರು

ಕೊಂಡ ಮಷಿನ್ ಮಳೆಗಾಲ ದಾಟಿಸುವುದು ಕಷ್ಟವಲ್ಲ. ಕೆಲಸ ಆದ ಕೂಡಲೇ ಗಾಳಿ ಕಂಡಿಯ ಪುಡಿಯನ್ನು ಬ್ರಷ್‌ನಿಂದ ತೆಗೆದು, ಚಕ್ (ಬಿಟ್ ಹಿಡಿಯುವ ಬಾಯಿ) ಮತ್ತು ಬಿಟ್‌ಗಳಿಗೆ ಒಂದು ಹನಿ ಎಣ್ಣೆ ಸವರಿ, ಮುಚ್ಚಳ ಬಿಗಿಯಾಗುವ ಡಬ್ಬಿಯಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಹೊರಗೋಡೆಗೆ ತಾಗಿಸಿ ನೆಲದ ಮೇಲೆ ಇಡಬೇಡಿ. ಹದಿನೈದು ದಿನಕ್ಕೊಮ್ಮೆ ಒಂದೆರಡು ನಿಮಿಷ ಸುಮ್ನೆ ಓಡಿಸಿ, ಮೋಟಾರ್ ಬೆಚ್ಚಗಾದರೆ ಒಳಗಿನ ತೇವ ಹೋಗುತ್ತದೆ. ಬಿಲ್ಲನ್ನು ಫೋಟೋ ತೆಗೆದಿಟ್ಟುಕೊಳ್ಳಿ, ವಾರಂಟಿಯ ಹೊತ್ತಿಗೆ ಕಾಗದ ಬೂಷ್ಟು ಹಿಡಿದಿರುತ್ತದೆ.

ಬಾಡಿಗೆಗೆ ತರುವವರು ಅಂಗಡಿಯ ಕಟ್ಟೆಯಲ್ಲೇ ಸ್ವಿಚ್ ಹಾಕಿ ನೋಡಿ. ಬಿಟ್ ಹಾಕಿ ತಿರುಗಿಸಿದಾಗ ತುದಿ ಅಲುಗಾಡುತ್ತದಾ? ಗಾಳಿ ಕಂಡಿಯೊಳಗೆ ದೊಡ್ಡ ಕಿಡಿ, ಸುಟ್ಟ ವಾಸನೆ ಇದೆಯಾ? ಹಾಗಿದ್ದರೆ ಕಾರ್ಬನ್ ಬ್ರಷ್ ಸವೆದಿರುತ್ತದೆ, ಬೇರೆ ಕೊಡಿ ಅನ್ನಿ. ವೈರ್ ಹಿಡಿಕೆಯೊಳಗೆ ಹೋಗುವ ಜಾಗವನ್ನು ಬಗ್ಗಿಸಿ ನೋಡಿ, ಹೆಚ್ಚಾಗಿ ಒಡೆಯುವುದು ಅಲ್ಲೇ. ಪಕ್ಕದ ಹಿಡಿಕೆ, ಚಕ್ ಕೀಲಿ, ಗ್ರೈಂಡರ್ ಆದರೆ ಗಾರ್ಡ್ ಮತ್ತು ಸ್ಪ್ಯಾನರ್ ಕೊಟ್ಟಿದ್ದಾರಾ ನೋಡಿ, ಇಲ್ಲದಿದ್ದರೆ ವಾಪಸ್ ಕೊಡುವಾಗ ನಿಮ್ಮ ಡಿಪಾಸಿಟ್‌ನಲ್ಲಿ ಹಿಡಿಯುತ್ತಾರೆ. ದಿನ ಎಂದರೆ ಸಂಜೆಯವರೆಗಾ, ಮರುದಿನ ಅದೇ ಹೊತ್ತಿನವರೆಗಾ, ಕರೆಂಟ್ ಇಲ್ಲದೆ ಕೆಲಸ ನಿಂತರೆ ಲೆಕ್ಕ ಹೇಗೆ, ಬಿಟ್ ಸವೆದರೆ ಯಾರ ಖರ್ಚು, ಇದನ್ನೆಲ್ಲ ಬಾಯಿ ಮಾತಲ್ಲಿ ಬಿಡದೆ ಡಿಪಾಸಿಟ್ ಚೀಟಿಯ ಹಿಂದೆ ಬರೆಸಿಕೊಳ್ಳಿ. ಮತ್ತೆ ಮಷಿನ್ ಮನೆಗೆ ತರುವಷ್ಟರಲ್ಲಿ ರಾವಲ್ ಪ್ಲಗ್, ಸ್ಕ್ರೂ, ಏಣಿ ಎಲ್ಲ ತಯಾರಿರಲಿ. ಸ್ಕ್ರೂ ತರಲು ಇನ್ನೊಮ್ಮೆ ಪೇಟೆಗೆ ಹೋಗಿ ಬರುವುದರಲ್ಲೇ ಬಾಡಿಗೆಯ ಅರ್ಧ ದಿನ ಮುಗಿಯುತ್ತದೆ.